ಸಿಹಿ ಬೇರು ಮತ್ತು ಅಕ್ಕೋರ ದನಿ

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಕ್ಕೋರ ತಲೆ ಬಾಚುವ ಹಣಿಗೆ ಅವರ ಕೂದಲಲ್ಲೇ ನಿಂತಿತು. ಸೊಂಟದವರೆಗೆ ಇಳಿದ ಬಿಳಿ ಕೂದಲು, ಅದರಲ್ಲಿ ಅರ್ಧಕ್ಕೆ ಸಿಕ್ಕಿಕೊಂಡ ಕರಿ ಹಣಿಗೆ, ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದ ಎರಡು ಕೈ. ರವಿವಾರ ಬೆಳಿಗ್ಗೆ ಅದು. ನಾನು ಅವರ ಹೊಸ್ತಿಲ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದೆ, ಅದಕ್ಕೇ ಗಂಟೆ ಅಷ್ಟು ಸರಿಯಾಗಿ ನೆನಪಿದೆ. ಆಮೇಲೆ ನಡೆದದ್ದನ್ನೆಲ್ಲ ಮನಸ್ಸು ಈಗಲೂ ಆ ನಿಮಿಷದಿಂದಲೇ ಮತ್ತೆ ಮತ್ತೆ ಶುರುಮಾಡುತ್ತದೆ.

“ತಂಗಿ, ಕೈ ಮ್ಯಾಲ ನಿಲ್ಲವಲ್ವು ನೋಡು,” ಎಂದರು. ಸೀಮೆಸುಣ್ಣ ತೀರಿದೆ, ಆಫೀಸಿನಿಂದ ತೆಗೆದುಕೊಂಡು ಬಾ ಎನ್ನುವಾಗಿನ ಅದೇ ದನಿ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ದೋರನಹಳ್ಳಿಗೆ ಎಷ್ಟೋ ಅಕ್ಕೋರು ಬಂದು ಹೋಗಿದ್ದಾರೆ. ಆದರೆ ಊರಲ್ಲಿ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ. ಹುಟ್ಟೂರು ಸಗರ. ಇಪ್ಪತ್ತೆರಡನೆಯ ವಯಸ್ಸಿಗೆ ನೌಕರಿಯ ಮೇಲೆ ಬಂದವರು ನಮ್ಮ ಓಣಿಯಲ್ಲಿ, ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಎರಡು ಖೋಲಿ ಕಟ್ಟಿಸಿಕೊಂಡು ಇಲ್ಲೇ ಉಳಿದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ಆಮ್ಯಾಲ ವರ್ಗಾ ಮಾಡಸ್ಕೋಬೇಕಾಗ್ತದ್ರಿ, ಆಫೀಸಿಗಿ ಯಾರ್ ಓಡ್ಯಾಡಬೇಕು?” ಎಂದು ಮಾತು ಮುಗಿಸುತ್ತಿದ್ದರು. ನಮ್ಮ ಮನೆಯ ರೊಟ್ಟಿ ಅವರ ಮನೆಗೆ, ಅವರ ಮನೆಯ ಪಲ್ಯ ನಮ್ಮ ಮನೆಗೆ. ನಾನು ಶಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದು ಅವರ ಹಟದಿಂದ. ನಾನು ಈಗ ಅದೇ ಶಹಾಪುರದ ಒಂದು ಟ್ಯೂಷನ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ.

ಅಕ್ಕೋರ ಆಸ್ತಿ ಎಂದರೆ ದನಿ. ನಮ್ಮ ಶಾಲೆಯಲ್ಲಿ ಆಗ ಒಂದೇ ದೊಡ್ಡ ಹಾಲ್. ಮೂರು ತರಗತಿಗಳು ಮೂರು ದಿಕ್ಕಿಗೆ ಮುಖಮಾಡಿ ಕೂಡುತ್ತಿದ್ದವು. ನಡುವೆ ನಿಂತು ಇವರು ಒಂದಕ್ಕೆ ಅಕ್ಷರ, ಇನ್ನೊಂದಕ್ಕೆ ಮಗ್ಗಿ, ಮತ್ತೊಂದಕ್ಕೆ ನಕಾಶೆ ಹೇಳುತ್ತಿದ್ದರು. ರಸ್ತೆಯ ಆಚೆ ಮಿರ್ಚಿಭಜಿ ಕರಿಯುವವನಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿತ್ತು. ಅವನು ಶಾಲೆಯ ಮೆಟ್ಟಿಲು ಹತ್ತಿದವನೇ ಅಲ್ಲ. “ಅವನೂ ನನ್ನ ಹುಡುಗನ. ಹಾಜರಿ ಅಷ್ಟ ಇಲ್ಲ,” ಎನ್ನುತ್ತಿದ್ದರು ಅಕ್ಕೋರು.

ಹಾಗೆ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಹರಿಯಿತು. ದೊಡ್ಡ ಊರಿನ ವೈದ್ಯರು ದನಿಗೆ ವಿಶ್ರಾಂತಿ ಕೊಡಿ ಎಂದರು. ಇವರು ಶಾಲೆಗೆ ಹೋದರು, ಹೋಗುವಾಗ ಒಂದು ಜೇಷ್ಠಮಧುವಿನ ಕಡ್ಡಿ ಬಾಯಿಗೆ ಹಾಕಿಕೊಂಡು ಹೋದರು. ಅಲ್ಲಿಂದ ಹದಿನೆಂಟು ವರ್ಷ ಆ ಬೇರು ಅವರನ್ನು ಬಿಡಲಿಲ್ಲ. ಕಂಪಾಸ್ ಪೆಟ್ಟಿಗೆಯಲ್ಲಿ ಕೈವಾರದ ಜಾಗದಲ್ಲಿ ಹಳದಿ ತಿರುಳಿನ ಕಡ್ಡಿಗಳು. ಪಾಠದ ನಡುವೆ ಒಂದು ಬೆರಳುಗೆಣ್ಣಿನಷ್ಟು ಮುರಿದು ದವಡೆಯಲ್ಲಿಟ್ಟುಕೊಂಡರೆ ಮಧ್ಯಾಹ್ನದ ಗಂಟೆಯವರೆಗೆ ದನಿ ಒಡೆಯುತ್ತಿರಲಿಲ್ಲ. ಪದ್ಯ ಹೇಳಲು ಎದ್ದು ನಿಂತು ಗಂಟಲು ಕಟ್ಟಿದ ಮಕ್ಕಳಿಗೂ ಒಂದು ಚೂರು ಸಿಗುತ್ತಿತ್ತು. ನಾನು ಎಷ್ಟೋ ಸಲ ಸುಳ್ಳೇ ಕೆಮ್ಮಿದ್ದೇನೆ. ಅವರು ಹತ್ತಿರ ಬಂದರೆ ಒಂದು ಮಣ್ಣುಮಿಶ್ರಿತ ಸಿಹಿ ವಾಸನೆ ಬರುತ್ತಿತ್ತು. ನನಗೆ ಕಲಿಕೆಯ ವಾಸನೆ ಎಂದರೆ ಅದೇ.

ಬೇರು ಕೊಳ್ಳುತ್ತಿದ್ದುದು ಶಹಾಪುರದ ಗಿಡಮೂಲಿಕೆ ಮಾರುವ ಒಂದು ಗ್ರಂಧಿಗೆ ಅಂಗಡಿಯಲ್ಲಿ. ಅಲ್ಲಿಯ ಮುದುಕ ಕಾಗದದಲ್ಲಿ ಪೊಟ್ಟಣ ಕಟ್ಟುವ ಮೊದಲು ಯಾರಿಗೆ, ಎಷ್ಟು ದಿನಕ್ಕೆ, ಕಾಲಿಗೆ ಬಾವು ಗೀವು ಇದೆಯೇ ಎಂದು ಕೇಳಿಯೇ ಕೊಡುತ್ತಿದ್ದ. ಅಕ್ಕೋರಿಗೆ ಅದು ಕಿರಿಕಿರಿ. “ನಾ ಕೇಳಬೇಕಾದ ಪ್ರಶ್ನಿ ಎಲ್ಲಾ ಇಂವಾ ಕೇಳ್ತಾನ,” ಎಂದು ಬೈದುಕೊಂಡು ಬರುತ್ತಿದ್ದರು.

ನಿವೃತ್ತಿಯಾದ ಮೇಲೆ ಮೂರು ತರಗತಿಗಳ ಬದಲು ಅವರಿಗೆ ಬೌದ್ಧ ವಿಹಾರ ಸಿಕ್ಕಿತು. ಆಷಾಢದ ಹುಣ್ಣಿಮೆಯಿಂದ ಆಶ್ವಿನದ ಹುಣ್ಣಿಮೆಯವರೆಗೆ ವರ್ಷಾವಾಸ. ಆ ಮೂರು ತಿಂಗಳು ನಮ್ಮ ಓಣಿಯ ವಿಹಾರದಲ್ಲಿ ದಿನಾ ಸಂಜೆ ಗ್ರಂಥ ಓದುತ್ತಾರೆ. ಹೊಲದಿಂದ ಬಂದವರು ಕೈಕಾಲು ತೊಳೆದು ಬಂದು ಕೂಡುತ್ತಾರೆ. ಗಂಡಸರು ಗೋಡೆಗೆ ಒರಗಿ, ಹೆಣ್ಣುಮಕ್ಕಳು ಬಾಗಿಲ ಕಡೆ. ಅಕ್ಷರ ಬಾರದವರೇ ಅರ್ಧ ಜನ. ಅಕ್ಕೋರು ಓದಿದರೆ ಅವರಿಗೆ ಅರ್ಥ ಹೇಳುವುದೇ ಬೇಕಾಗುತ್ತಿರಲಿಲ್ಲ. ದನಿ ಎಲ್ಲಿ ಏರಬೇಕೋ ಅಲ್ಲಿ ಏರುತ್ತಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು.

ಹೋದ ವರ್ಷ ಅವರಿಗೆ ಬಿ.ಪಿ. ಎಂದು ತಿಳಿಯಿತು. ಶಹಾಪುರದ ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅದರಲ್ಲಿ ಮೈಯ ನೀರು ಇಳಿಸುವ ಔಷಧವೂ ಸೇರಿತ್ತು. ಬರೆಯುವ ಮೊದಲು ಅವರು ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಪಕ್ಕದಲ್ಲಿ ನಿಂತ ನಾನೇ, “ಏನೂ ಇಲ್ರಿ,” ಎಂದೆ. ನಾನು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ದವಾಖಾನೆಯಿಂದ ಬಂದದ್ದು ಮಾತ್ರ ಔಷಧ. ಗ್ರಂಧಿಗೆ ಅಂಗಡಿಯದ್ದು ಅಡುಗೆಮನೆಯ ಸಾಮಾನು. ಅರಿಶಿನ ತಿನ್ನುತ್ತೇನೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಈ ಸಲ ಆಷಾಢ ಬರುವಷ್ಟರಲ್ಲಿ ಗಂಟಲು ಮತ್ತೆ ಕೈಕೊಟ್ಟಿತು. ಕಡ್ಡಿ ಕಚ್ಚಲು ಹಲ್ಲೂ ಗಟ್ಟಿ ಇರಲಿಲ್ಲ. ನಾನು ಮೊಬೈಲಿನಲ್ಲಿ ಜೇಷ್ಠಮಧುವಿನ ಪುಡಿ ತರಿಸಿದೆ. ಮೊಬೈಲ್ ಯಾರಿಗೆ, ಎಷ್ಟು ದಿನಕ್ಕೆ ಎಂದು ಕೇಳುವುದಿಲ್ಲ. ಕಿಲೋ ಪುಡಿ ಮೂರನೆಯ ದಿನ ಮನೆ ಬಾಗಿಲಿಗೆ ಬಂತು. ದಿನಕ್ಕೆ ಮೂರು ಹೊತ್ತು ಕಷಾಯ ಕಾಯಿಸಿಕೊಡತೊಡಗಿದೆ. ಮೊದಲು ಒಂದು ಚಮಚ, ಆಮೇಲೆ ಎರಡು. ದನಿ ನಿಜವಾಗಿಯೂ ತೆರೆಯಿತು. ಮೊದಲ ಹುಣ್ಣಿಮೆಯ ಸಂಜೆ ಅವರು ಓದಿದ್ದನ್ನು ಕೇಳಿ ನಮ್ಮವ್ವ, ಇಪ್ಪತ್ತು ವರ್ಷ ಹಿಂದಿನ ಅಕ್ಕೋರು ಬಂದಾರ ನೋಡು ಎಂದಳು. ನನಗೆ ಹೆಮ್ಮೆಯಾಯಿತು. ಎರಡು ಚಮಚ ತುಂಬಿ ಹಾಕಲು ಶುರುಮಾಡಿದೆ.

ಒಂದು ತಿಂಗಳಿಗೆ ಅವರ ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಮೂಡಿದ್ದು ಕಂಡೆ. ಚಪ್ಪಲಿ ಸಣ್ಣದಾಯಿತೇ ಎಂದು ಕೇಳಿದೆ.

“ಇಲ್ಲವಾ, ಕಾಲು ಪಾಸಾಗಿ ಮುಂದಿನ ಕ್ಲಾಸಿಗಿ ಹೋಗ್ಯಾವ,” ಎಂದರು. ಇಬ್ಬರೂ ನಕ್ಕೆವು.

ಶ್ರಾವಣದ ಆ ರವಿವಾರ ಕೈ ಮೇಲೇಳದೆ ಹೋದಾಗ ಅವರನ್ನು ಎಬ್ಬಿಸಿ ನಿಲ್ಲಿಸಲು ನೋಡಿದೆ. ತೊಡೆಯಲ್ಲೂ ಬಲವಿರಲಿಲ್ಲ. ನನ್ನ ಕೂಗಿಗೆ ಅಪ್ಪ ಓಡಿಬಂದ, ಓಣಿ ನೆರೆಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು: ಲಕ್ವಾ ಹೊಡೆದಿದೆ. ಸುರಪುರದ ಆಚೆ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಸೊಪ್ಪಿನ ಔಷಧ ಕೊಡುತ್ತಾರೆ. ರವಿವಾರ ಮಾತ್ರ ಕೊಡುತ್ತಾರೆ. ಅದಕ್ಕೊಂದು ಕಟ್ಟುನಿಟ್ಟು: ಅಲ್ಲಿಗೆ ಹೋಗುವವರೆಗೆ ಮೈಗೆ ಸೂಜಿ ತಾಗಬಾರದು. ಇಂಜೆಕ್ಷನ್ ಆದ ಮೈಗೆ ಆ ಔಷಧ ಹತ್ತುವುದಿಲ್ಲ ಎನ್ನುತ್ತಾರೆ. ಅದಕ್ಕೇ ನಮ್ಮ ಕಡೆ ಲಕ್ವಾ ಎಂದು ಅನುಮಾನ ಬಂದ ಕೂಡಲೇ ದವಾಖಾನೆ ದಾಟಿಕೊಂಡು ಹೋಗುತ್ತಾರೆ.

ನನಗೆ ಅನುಮಾನ ಇತ್ತು. ಮುಖ ಸೊಟ್ಟಗಾಗಿರಲಿಲ್ಲ, ಮಾತು ತೊದಲುತ್ತಿರಲಿಲ್ಲ, ಎರಡೂ ಕಡೆ ಸಮನಾಗಿ ಬಲ ಹೋಗಿತ್ತು. ಅಪ್ಪನಿಗೆ ಹೇಳಿದೆ. “ದವಾಖಾನಿಗಿ ನಾಳಿನೂ ಹೋಗಬೌದು, ರವಿವಾರ ನಾಳಿ ಬರೂದಿಲ್ಲ,” ಎಂದ. ನಾನು ಸುಮ್ಮನಾದೆ. ಓದಿದವಳು ಸುಮ್ಮನಾದೆ. ಓಣಿಯವನೊಬ್ಬನ ಕ್ರೂಸರ್ ಗಾಡಿ ಬಂತು. ಹಿಂದಿನ ಸೀಟಿನಲ್ಲಿ ಅಕ್ಕೋರನ್ನು ಮಲಗಿಸಿ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ದಾರಿಗೆ ತ್ರಾಣ ಇರಲಿ ಎಂದು ಥರ್ಮಾಸ್ ತುಂಬ ಕಷಾಯ ತಂದಿದ್ದೆ. ಊರು ದಾಟುತ್ತಲೇ ಒಂದು ಲೋಟ ಕುಡಿಸಿದೆ. ಅವರಿಗೆ ನುಂಗಲು ಕಷ್ಟವಾಗುತ್ತಿತ್ತು. ನಾನೇ ಗದ್ದ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ.



ಶಹಾಪುರದ ಬೆಟ್ಟ ಕಾಣಿಸುವ ಹೊತ್ತಿಗೆ ಅಕ್ಕೋರು ಮೆಲ್ಲಗೆ ನನ್ನ ಬೆರಳನ್ನು ತಮ್ಮ ಮಣಿಕಟ್ಟಿನ ಮೇಲೆ ಇಡಿಸಿಕೊಂಡರು. ನಾಡಿ ಎಣಿಸು ಎಂದರು. ಎಣಿಸಿದೆ. ಮೂರು ಬಡಿತ ಬೇಗ ಬೇಗ ಬಂದವು. ನಾಲ್ಕನೆಯದು ಬರಲೇ ಇಲ್ಲ. ಆಮೇಲೆ ಒಂದು ದೊಡ್ಡದು, ಮತ್ತೆ ಖಾಲಿ. ನನ್ನ ಎಣಿಕೆ ಎರಡು ಸಲ ತಪ್ಪಿತು.

“ನನ್ನ ಎಣಿಕಿನೂ ತಪ್ಪತು,” ಎಂದರು. ಆಮೇಲೆ ಕತ್ತು ಎತ್ತಲಾಗದೆ ಮಲಗಿದಲ್ಲಿಂದಲೇ ಅಪ್ಪನಿಗೆ ಕೇಳುವಂತೆ, “ಗಾಡಿ ದವಾಖಾನಿಗಿ ಹೊಳ್ಳಸ್ರಿ,” ಎಂದರು.

ಅಪ್ಪ ಹಿಂದೆ ತಿರುಗಿ, ಸೂಜಿ ಹಾಕಿದರೆ ಆ ಔಷಧ ಹತ್ತುವುದಿಲ್ಲ, ಇನ್ನು ಒಂದೂವರೆ ತಾಸಿನ ದಾರಿ ಅಷ್ಟೇ ಎಂದು ಸಮಾಧಾನ ಹೇಳಲು ನೋಡಿದ. ಅಪ್ಪನೂ ಅವರ ಹತ್ತಿರವೇ ರಾತ್ರಿ ಶಾಲೆಯಲ್ಲಿ ಸಹಿ ಕಲಿತವನು.

“ಹೊಳ್ಳಸು ಅಂದೆ,” ಎಂದರು ಅಕ್ಕೋರು. ಗಾಡಿ ಹೊರಳಿತು.

ಶಹಾಪುರದಲ್ಲಿ ಇ.ಸಿ.ಜಿ. ತೆಗೆದವರ ಮುಖ ನೋಡಿಯೇ ನನಗೆ ತಿಳಿಯಿತು. ಹತ್ತು ನಿಮಿಷದಲ್ಲಿ ಆಂಬುಲೆನ್ಸಿಗೆ ಹಾಕಿ ಯಾದಗಿರಿಗೆ ಕಳಿಸಿದರು. ಬಂದ ದಾರಿಯಲ್ಲೇ ವಾಪಸು, ನಮ್ಮೂರಿನ ಮುಂದೆಯೇ, ಭೀಮಾ ಸೇತುವೆ ದಾಟಿ. ಊರ ಅಗಸಿ ಬಾಗಿಲಲ್ಲಿ ಜನ ನಿಂತಿದ್ದರು. ಅವರಿಗೆ ಒಳಗೆ ಅಕ್ಕೋರಿದ್ದಾರೆ ಎಂದು ಗೊತ್ತಿರಲಿಲ್ಲ.

ಯಾದಗಿರಿಯ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಈ ಕಡೆಯವರೇ. ಅವರೂ ಅದೇ ಪ್ರಶ್ನೆ ಕೇಳಿದರು: ಬಿ.ಪಿ. ಗುಳಿಗೆ ಬಿಟ್ಟು ಬೇರೆ ಏನು ತೆಗೆದುಕೊಳ್ಳುತ್ತಾರೆ? ನಾನು ಎರಡನೆಯ ಸಲ ಅದೇ ಉತ್ತರ ಕೊಟ್ಟೆ. ಏನೂ ಇಲ್ಲ.

ಮಂಚದ ಮೇಲಿಂದ ಅಕ್ಕೋರು, “ಜೇಷ್ಠಮಧು ತಗೋತೀನ್ರಿ,” ಎಂದರು. “ಹದಿನೆಂಟ್ ವರ್ಷ ಆತು. ಮೊದಲ ಕಡ್ಡಿ, ಈಗ ಕಸಾಯ. ದಿನಕ್ಕ ಮೂರ್ ಹೊತ್ತು. ಈಗ ಬರೂ ಮುಂದೂ ಒಂದ್ ಲೋಟ ಕುಡದೀನಿ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎಷ್ಟು ಚಮಚ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

“ಇದು ಲಕ್ವಾ ಅಲ್ಲ. ರಕ್ತದಾಗ ಪೊಟ್ಯಾಷಿಯಂ ಪೂರಾ ಇಳದದ,” ಎಂದರು. “ಆ ಬೇರು ಮೈಯಾಗ ಉಪ್ಪು ನೀರು ಹಿಡದಿಡ್ತದ, ಪೊಟ್ಯಾಷಿಯಂ ಹೊರಗ ಹಾಕ್ತದ. ಗುಳಿಗಿನೂ ಅದನ್ನ ಹೊರಗ ಹಾಕ್ತದ. ಎರಡೂ ಕೂಡಿದ್ರ ಕೈಕಾಲು ಅಷ್ಟ ಅಲ್ಲ, ಹೃದಯ ನಿಲ್ತದ್ರಿ.”

ಅಕ್ಕೋರು ಕೇಳಿದ್ದು ಒಂದೇ ಪ್ರಶ್ನೆ, ಬೇರು ಕೆಟ್ಟದ್ದೇ ಎಂದು. ಕೆಟ್ಟದ್ದಲ್ಲ ಎಂದರು ಡಾಕ್ಟರು. ಗಂಟಲಿಗೆ, ಕೆಮ್ಮಿಗೆ ನಾಲ್ಕು ದಿನ ಸ್ವಲ್ಪ ತೆಗೆದುಕೊಂಡರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಬಿ.ಪಿ. ಇದ್ದವರು, ಹೃದಯ, ಮೂತ್ರಪಿಂಡದ ಬೇನೆ ಇದ್ದವರು, ಬಸುರಿಯರು, ಇಂಥ ಗುಳಿಗೆ ನುಂಗುವವರು ಮುಟ್ಟಬಾರದು. ಯಾರೇ ಆಗಲಿ ತಿಂಗಳುಗಟ್ಟಲೆ ತೆಗೆದುಕೊಳ್ಳಬಾರದು. ಅಕ್ಕೋರು ಗಮನವಿಟ್ಟು ಕೇಳಿದರು. ಆಮೇಲೆ, ಇಷ್ಟು ಸರಳವಾಗಿ ಹೇಳುವವರು ನಮ್ಮ ಶಾಲೆಗೆ ಬಂದಿದ್ದರೆ ನಾನು ಇಷ್ಟು ಒದರಬೇಕಾಗಿರಲಿಲ್ಲ ಎಂದರು.

ಪೊಟ್ಯಾಷಿಯಂ ಸಲೈನಿನಲ್ಲಿ ಹನಿಹನಿಯಾಗಿ ಹೋಗಬೇಕಿತ್ತು. ಬೇಗ ಬಿಟ್ಟರೆ ಅದೂ ಹೃದಯಕ್ಕೆ ಅಪಾಯ. ರಕ್ತನಾಳ ಉರಿಯುತ್ತದೆ ಎಂದು ಅಕ್ಕೋರು ಹಲ್ಲು ಕಚ್ಚುತ್ತಿದ್ದರು. ಎರಡು ಹಗಲು ಎರಡು ರಾತ್ರಿ ನಾನು ಪರದೆಯ ಮೇಲಿನ ಹಸಿರು ಗೆರೆಯನ್ನೇ ನೋಡುತ್ತ ಕುಳಿತೆ. ಮೂರನೆಯ ದಿನ ಅಕ್ಕೋರು ತಮ್ಮ ಕೈಯಿಂದ ತಾವೇ ಲೋಟ ಎತ್ತಿದರು. ಆರನೆಯ ದಿನ ಗೋಡೆ ಹಿಡಿದು ನಡೆದರು. ಬಿಡುಗಡೆ ಮಾಡುವಾಗ ಡಾಕ್ಟರು, ಬೇರಿನ ಪರಿಣಾಮ ಮೈಯಿಂದ ಪೂರ್ತಿ ಇಳಿಯಲು ಇನ್ನೂ ಕೆಲವು ವಾರ ಬೇಕು, ಬಲ ಕಡಿಮೆಯಾದರೆ, ಎದೆ ಹೊಡೆದುಕೊಂಡರೆ ಕೂಡಲೇ ಬನ್ನಿ ಎಂದರು. ಆ ಮಾತು ನನ್ನ ತಲೆಯಲ್ಲಿ ಮೊಳೆಯ ಹಾಗೆ ಕೂತಿತು.

ಅಂದಿನಿಂದ ರಾತ್ರಿ ಅವರ ಮನೆಯಲ್ಲೇ ಮಲಗತೊಡಗಿದೆ. ತಾಸಿಗೊಮ್ಮೆ ಎಚ್ಚರವಾಗುತ್ತಿತ್ತು. ಎದ್ದು ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. ಮತ್ತೆ ಮಲಗಿದರೆ ಕ್ರೂಸರಿನ ಸೀಟು, ಥರ್ಮಾಸಿನ ಮುಚ್ಚಳ, ಅವರ ಗದ್ದ ಹಿಡಿದ ನನ್ನ ಬೆರಳು. ನಿದ್ದೆ ಬಾರದ ಆ ದಿನಗಳಲ್ಲಿ ಆ ಬೇರಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಚೀನಾದ ವೈದ್ಯರು ತಮ್ಮ ಬಹುಪಾಲು ಕಷಾಯಗಳಲ್ಲಿ ಇದನ್ನು ಹಾಕುತ್ತಾರಂತೆ, ಬೇರೆ ಬೇರುಗಳ ಉಗ್ರತೆ ತಗ್ಗಿಸಲು. ನಮ್ಮ ಆಯುರ್ವೇದದವರೂ ಯುನಾನಿಯ ಹಕೀಮರೂ ಇದನ್ನು ಬಿಟ್ಟಿಲ್ಲ. ಆದರೆ ಅದೇ ಚೀನಾದ ಹಳೆಯ ವೈದ್ಯರು ಇದರ ಜೊತೆ ಯಾವ ಯಾವ ಗಿಡ ಕೂಡಿಸಬಾರದು ಎಂಬ ಪಟ್ಟಿಯನ್ನೂ ಇಟ್ಟುಕೊಂಡಿದ್ದರಂತೆ. ಸಾವಿರಾರು ವರ್ಷ ಬಳಸಿದವರಿಗೆ ಅದರ ಮೇಲೆ ಪ್ರೀತಿಯ ಜೊತೆಗೆ ಒಂದು ಅಂಜಿಕೆಯೂ ಇತ್ತು. ನಾನು ಪ್ರೀತಿಯನ್ನಷ್ಟೇ ಇಟ್ಟುಕೊಂಡು ಅಂಜಿಕೆಯನ್ನು ಬಿಟ್ಟುಬಿಟ್ಟಿದ್ದೆ.

ಬೇರು ನಿಂತ ಮೇಲೆ ದನಿಯೂ ನಿಂತಿತು ಎನ್ನಬೇಕು. ಬರೀ ಬಿಸಿನೀರು, ಉಪ್ಪುನೀರಿನ ಮುಕ್ಕಳಿಕೆ. ಹಳೆಯ ಬಾಗಿಲು ಉಜ್ಜಿದಂಥ ಒಂದು ಶಬ್ದ ಹೊರಬರುತ್ತಿತ್ತು. ಮೂರು ವಾರ ವಿಹಾರದಲ್ಲಿ ಅವರ ಬದಲು ನಾನು ಓದಿದೆ. ಭಾದ್ರಪದದ ಒಂದು ಸಂಜೆ ಅವರೇ ಬಂದು ಗ್ರಂಥ ಕೈಗೆ ತೆಗೆದುಕೊಂಡರು. ಮೈಕ್ ತಂದಿಟ್ಟಿದ್ದರು. ಒಂದು ಸಾಲು ಓದಿ, “ಇದರಾಗ ನನ್ನ ದನಿ ನನಗ ಅಂಜಿಕಿ ಬರ್ತದ,” ಎಂದು ಅದನ್ನು ಸರಿಸಿದರು. ಬರೀ ಗಂಟಲಲ್ಲೇ ಓದತೊಡಗಿದರು. ಗೋಡೆಗೆ ಒರಗಿದ ಗಂಡಸರಿಗೆ ಕೇಳಿಸಲಿಲ್ಲ. ಮೊದಲು ಒಬ್ಬ ಎದ್ದು ಮುಂದೆ ಬಂದು ಕುಳಿತ, ಆಮೇಲೆ ಇನ್ನೊಬ್ಬ. ಬಾಗಿಲ ಕಡೆಯ ಹೆಣ್ಣುಮಕ್ಕಳೂ ಸರಿದು ಸರಿದು ಬಂದರು. ಓದು ಮುಗಿಯುವಷ್ಟರಲ್ಲಿ ಎಲ್ಲರೂ ಅವರ ಮೊಣಕಾಲಿನ ಸುತ್ತ ಒಂದೇ ಜಮಖಾನೆಯ ಮೇಲೆ ಇದ್ದರು. ಅಂದು ಓದಿದ ಮೇಲೆ ಅವರು ತಮಗೆ ಆದದ್ದನ್ನೆಲ್ಲ ಹೇಳಿದರು. ಬಾಯಿಗೆ ಹೋಗುವುದನ್ನೆಲ್ಲ ಡಾಕ್ಟರ ಮುಂದೆ ಹೇಳಿ, ಕಡ್ಡಿ, ಪುಡಿ, ಸೊಪ್ಪು ಏನೇ ಇರಲಿ ಎಂದರು. ನನ್ನ ಹೆಸರು ಎತ್ತಲಿಲ್ಲ.

ಎತ್ತದೇ ಇದ್ದದ್ದೇ ನನಗೆ ತಡೆಯಲಾಗಲಿಲ್ಲ. ಯಾಕೆಂದರೆ ಅವರಿಗೂ ಗೊತ್ತಿಲ್ಲದ ಒಂದು ಮಾತು ನನ್ನಲ್ಲಿತ್ತು.

ಆಶ್ವಿನದ ಹುಣ್ಣಿಮೆಗೆ ಓದು ಮುಗಿಯಿತು. ಖೀರು ಹಂಚಿ, ಊಟ ಮಾಡಿ, ಹಾಸಿಗೆ ಹಾಸಿದ ಮೇಲೆ ಹೇಳಿಬಿಟ್ಟೆ. ಪುಡಿಯ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬಿ.ಪಿ. ಇದ್ದವರು ವೈದ್ಯರನ್ನು ಕೇಳಿ ಬಳಸಬೇಕು ಎಂದು ಬರೆದಿತ್ತು. ನಾನು ಅದನ್ನು ಓದಿದ್ದೆ. ಓದಿ, ಇಂಥದ್ದನ್ನು ಎಲ್ಲದರ ಮೇಲೂ ಬರೆಯುತ್ತಾರೆ ಅಂದುಕೊಂಡು, ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರುವಿ ಪೊಟ್ಟಣವನ್ನು ಒಲೆಗೆ ಹಾಕಿದ್ದೆ. ರಸಾಯನಶಾಸ್ತ್ರ ಓದಿದವಳು ನಾನು.

ಅಕ್ಕೋರು ಕೌದಿ ಎಳೆದುಕೊಂಡ ಸಪ್ಪಳವಾಯಿತು. ಮಲಗಿದರೇನೋ ಎಂದುಕೊಂಡೆ.

“ನನ್ನ ಕಾಲು ಬಾತಿದ್ದು ನನಗ ಗೊತ್ತಿತ್ತು,” ಎಂದರು ಆ ಉಜ್ಜಿದ ದನಿಯಲ್ಲಿ. “ಈ ಸಲ ಬಿ.ಪಿ. ಮತ್ತ ತೋರಸಾಕ ಹೋದಾಗ ಸೀರಿ ಕೆಳಗ ಎಳದು ಮುಚ್ಚಿ ಕುಂತಿದ್ದೆ. ಆ ಅಂಗಡಿ ಮುದುಕ ಯಾಕ ಬಾವಿನ ಮಾತು ಕೇಳ್ತಿದ್ದ ಅಂತ ನನಗ ಅಂದಾಜಿತ್ತು. ಡಾಕ್ಟರು ಬೇರು ಬಿಡು ಅಂದ್ರ ವರ್ಷಾವಾಸಕ್ಕ ಏನ್ ಮಾಡ್ಲಿ? ದನಿ ಹೋದೀತಂತ ಅಂಜಿದೆ. ಜೀವ ಹೋದೀತಂತ ಅಂಜಲಿಲ್ಲ.”

ನಾನು ಅಳುತ್ತಿದ್ದೆ. ಅವರು ಕೈಚಾಚಿ ನನ್ನ ತಲೆ ಹುಡುಕಿ ಮುಟ್ಟಿದರು. ಆ ಕೈ ಎತ್ತುವ ಬಲ ಅವರಿಗೆ ಬಂದಿದೆ ಎಂಬುದು ಆ ಗಳಿಗೆಯಲ್ಲೂ ನನ್ನ ಗಮನಕ್ಕೆ ಬಂತು.

“ಇನ್ನೊಂದ್ ಹೇಳ್ತೀನಿ ಕೇಳು. ದಿನಾ ರಾತ್ರಿ ಕಳ್ಳರಂಗ ಬಂದು ನಾಡಿ ಹಿಡೀತಿ. ನನಗ ಎಚ್ಚರ ಆಗ್ತದ. ನೀ ಬ್ಯಾಸರ ಮಾಡ್ಕೋಬಾರದಂತ ಕಣ್ಣು ಮುಚ್ಚಿರ್ತೀನಿ. ಎರಡು ತಿಂಗಳಾತು ನಾ ನೆಟ್ಟಗ ನಿದ್ದಿ ಮಾಡಿಲ್ಲವಾ.”

ಹಾಗೆಂದು ಎರಡೂ ಕೈಗಳನ್ನು ಕೌದಿಯೊಳಗೆ ಎಳೆದುಕೊಂಡು ಗೋಡೆ ಕಡೆ ಹೊರಳಿದರು. ಹಿಡಿಯಲು ನನಗೆ ಮಣಿಕಟ್ಟೇ ಸಿಗದಂತೆ.

ಅಕ್ಷರ, ಮಗ್ಗಿ, ಕಾಲೇಜು ಇವೆಲ್ಲ ಅವರ ಋಣ ಎಂದು ಮೊದಲಿನಿಂದಲೂ ಗೊತ್ತಿತ್ತು. ಅವತ್ತು ಅವರು ನನ್ನ ತಪ್ಪಿನ ಅರ್ಧ ಭಾಗವನ್ನು ತಮ್ಮದೆಂದು ಹೊತ್ತುಕೊಂಡರು. ಅದು ಪೂರ್ತಿ ನಿಜವೋ, ನನ್ನನ್ನು ಮಲಗಿಸಲು ಆಡಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ. ಕೇಳುವುದೂ ಇಲ್ಲ.

ಮರುದಿನ ಅವ್ವ ಹಾಲಿನ ತಂಬಿಗೆ ಹಿಡಿದು ಬಂದು ಬಾಗಿಲು ಬಡಿದಾಗ ಬಿಸಿಲು ಅಂಗಳದ ನಡುವೆ ಬಂದಿತ್ತು. ಎಷ್ಟು ಬಡಿದರೂ ತೆರೆಯದ್ದಕ್ಕೆ ಹೆದರಿ ಅಪ್ಪನನ್ನೂ ಕರೆದಿದ್ದಳು. ಕಿಟಕಿಯಿಂದ ಇಣುಕಿ ನೋಡಿದ ಅಪ್ಪ, “ಬಿಡು, ಇಬ್ಬರೂ ಗೊರಕಿ ಹೊಡ್ಯಾಕತ್ಯಾರ,” ಎಂದನಂತೆ. ಅವ್ವ ಅಪ್ಪ ಸಪ್ಪಳ ಮಾಡದೆ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಹೋದರು.